ಅವನು ಒಪ್ಪಿಕೊಂಡ ವಾರ

ಮಂಗಳವಾರ ಮಧ್ಯಾಹ್ನ ಅವನು ಅವಳ ಮಾತಿಗೆ ಒಪ್ಪಿಬಿಟ್ಟ. ಅವಳ ಸಂಕಟ ಶುರುವಾದದ್ದು ಅಲ್ಲಿಂದಲೇ.

ಒಪ್ಪಿದರೆ ಸಂಕಟ ಯಾಕೆ ಎಂದು ನೀವು ನಗಬಹುದು. ಆ ಟೀವಿ ರಿಪೇರಿ ಅಂಗಡಿಯ ಮಧ್ಯಾಹ್ನಗಳನ್ನು ನೋಡಿದವರು ಮಾತ್ರ ನಗುವುದಿಲ್ಲ. ಅವಳು ಮಹಡಿಯ ಮೇಲಿನ ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವವಳು. ಅವನು ಕೆಳಗಡೆ ಅಕ್ಕನ ಅಂಗಡಿಯಲ್ಲಿ ಟೀವಿ ಬಿಚ್ಚಿ ಜೋಡಿಸುವವನು. ಇಬ್ಬರಿಗೂ ಬಾಕ್ಸಿಂಗ್ ಹುಚ್ಚು. ಅದರಲ್ಲೂ ಹೆವಿವೇಯ್ಟ್ ಎಂದರೆ ಊಟ ಬೇಡ, ನಿದ್ದೆ ಬೇಡ. ಎರಡು ವರ್ಷಗಳಿಂದ ಅವಳು ಡಬ್ಬಿ ಹಿಡಿದು ಕೆಳಗಿಳಿಯುವುದು, ಅವನು ಸ್ಟೂಲು ಒರೆಸಿ ಕೊಡುವುದು, ಜಗಳ ಶುರುವಾಗುವುದು. ಎಣ್ಣೆ ಸೀಗೆಕಾಯಿ ಅಂತಾರಲ್ಲ, ಹಾಗೆ. ಅವಳು ಹೌದೆಂದರೆ ಅವನು ಅಲ್ಲವೆನ್ನಬೇಕು.

ಭಾನುವಾರ ಟೈಟಲ್ ಫೈಟ್ ಇತ್ತು. ಚಾಂಪಿಯನ್‌ಗೆ ಅಂಗಡಿಯವರು ಇಟ್ಟ ಹೆಸರು ಬಂಡೆ. ಅವನೆದುರು ಆಡುವ ಎತ್ತರದ ಹುಡುಗ ಏಣಿ. ದಿನವೂ ಚಹಾಕ್ಕೆ ಬರುವ ನಿವೃತ್ತ ಬಸ್ ಡ್ರೈವರ್ ಮಾವನದು ಮೂರನೆಯ ಪಕ್ಷ: “ಇವರಿಬ್ಬರೂ ಬೇಡ ಕಣ್ರೀ, ನಿಜವಾದ ಚಾಲೆಂಜರ್ ಆ ಬೋಳ. ಅವನಿಗೆ ಹೆದರಿ ಯಾರೂ ಫೈಟೇ ಕೊಡ್ತಿಲ್ಲ!”

“ಬೋಳನ್ನ ಬಿಡಿ ಮಾವ,” ಎಂದಳು ಅವಳು. “ಬಂಡೆನೇ ಗೆಲ್ಲೋದು. ನಾನು ದಿನಾ ದವಡೆ ನೋಡೋಳು. ಅದು ಒಡೆಯೋ ದವಡೆ ಅಲ್ಲ. ಹನ್ನೆರಡು ರೌಂಡ್ ನಿಂತು ಪಾಯಿಂಟ್ಸಲ್ಲಿ ಗೆಲ್ತಾನೆ.”

ಹೇಳಿ ಅವನತ್ತ ನೋಡಿದಳು. ಈಗ ಎಡಹುಬ್ಬು ಮೇಲೇರುತ್ತದೆ, ತುಟಿಯ ತುದಿಯಲ್ಲಿ ಆ ಹಾಳು ನಗು ಬರುತ್ತದೆ ಎಂದು ಕಾದಳು. ಹೋದ ವಾರವಷ್ಟೇ ಸ್ಕ್ರೂಡ್ರೈವರ್ ತಿರುಗಿಸುತ್ತ ಅಂದಿದ್ದ: “ದವಡೆ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ, ಹಲ್ಲಿನ ಡಾಕ್ಟ್ರೇ? ಅವನ ಮೊಣಕಾಲು ಹೋಗಿದೆ. ಏಣಿ ದೂರದಿಂದಲೇ ಎಡಗೈ ಚಾಚಿ ಜ್ಯಾಬ್ ಹೊಡೆದೂ ಹೊಡೆದೂ ಮಲಗಿಸ್ತಾನೆ.”

ಇವತ್ತು ತಲೆಯೆತ್ತಲೇ ಇಲ್ಲ. “ಹೌದು,” ಎಂದ. “ನೀವು ಹೇಳೋದೇ ಸರಿ.”

ಡ್ರೈವರ್ ಮಾವನ ಕೈಯ ಚಹಾ ಅರ್ಧದಲ್ಲೇ ನಿಂತಿತು. “ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋನು ನೀನು. ಜ್ವರ ಬಂದಿದೆಯೇನಪ್ಪಾ?”

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಜಗಳ ಆಡುವವನು ಸುಮ್ಮನಾದನೆಂದರೆ ಅವನಿಗೆ ಬೇಡವಾಗಿದೆ ಎಂದೇ ಅರ್ಥ ತಾನೆ?

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದಳೇನೋ. ಆದರೆ ದೂರದ ಊರಿನ ದೊಡ್ಡ ಲ್ಯಾಬಿನವರು ಇಡೀ ಒಂದು ವಿಭಾಗವನ್ನೇ ನೋಡಿಕೊಳ್ಳಲು ಅವಳನ್ನು ಕರೆದಿದ್ದರು. ಸೋಮವಾರ ಉತ್ತರ ಹೇಳಬೇಕಿತ್ತು. “ಮೀನ ಮೇಷ ಎಣಿಸ್ಬೇಡ, ಹೂಂ ಅಂದ್ಬಿಡು,” ಎಂದು ಅಮ್ಮ ಬೆನ್ನು ಬಿದ್ದಿದ್ದಳು. ಅಮ್ಮನಿಗೆ ಏನೆಂದು ಹೇಳುವುದು? ಕೆಳಗಿನ ಅಂಗಡಿಯಲ್ಲಿ ಒಬ್ಬನಿದ್ದಾನೆ, ಬಾಯಿಬಿಟ್ಟು ಏನೂ ಹೇಳಿಲ್ಲ, ಬರೀ ಜಗಳ ಆಡುತ್ತಾನೆ, ಅವನನ್ನು ಬಿಟ್ಟು ಹೋಗಲು ಆಗುತ್ತಿಲ್ಲ ಎಂದೇ?

ಗುರುವಾರ ಧೈರ್ಯ ಮಾಡಿ ಅವನಿಗೇ ಹೇಳಿದಳು. ಎಲ್ಲವನ್ನೂ ಹೇಳಿ, ಕೊನೆಗೆ ಬೇಕೆಂದೇ ಸೇರಿಸಿದಳು: “ಹೋಗೋದೇ ಒಳ್ಳೇದು ಅನ್ಸುತ್ತೆ. ಇಲ್ಲಿ ನನ್ನನ್ನ ಹಿಡಿದಿಡೋ ಅಂಥದ್ದು ಏನಿದೆ?”

ಅವನ ಕೈಯಿಂದ ಸ್ಕ್ರೂ ಜಾರಿ ಬೆಂಚಿನ ಕೆಳಗೆ ಉರುಳಿತು. ಹುಡುಕಲು ಬಗ್ಗಿದವನು ತುಂಬ ಹೊತ್ತು ಏಳಲಿಲ್ಲ. ಎದ್ದಾಗ ಕಿವಿಗಳೆರಡೂ ಕೆಂಪಗಾಗಿದ್ದವು. ಕೌಂಟರಿನಲ್ಲಿದ್ದ ಅಕ್ಕನನ್ನು ಒಮ್ಮೆ ನೋಡಿದ.

“ಹೌದು,” ಎಂದ. “ನೀವು... ನೀವು ಹೇಳೋದೇ ಸರಿ.”

ಅವಳು ಡಬ್ಬಿ ತೆರೆಯದೆಯೇ ಮಹಡಿ ಹತ್ತಿದಳು. ಶುಕ್ರವಾರ ಕೆಳಗಿಳಿಯಲಿಲ್ಲ. ಮೇಣದ ಅಚ್ಚಿನಲ್ಲಿ ಹಲ್ಲು ಜೋಡಿಸುವಾಗ ಕೈ ಒಂದು ಕಡೆ, ಮನಸ್ಸು ಒಂದು ಕಡೆ.

“ಏನಮ್ಮಾ ಇದು!” ಎಂದರು ಲ್ಯಾಬಿನ ಯಜಮಾನರು, ಸೆಟ್ಟನ್ನು ಬೆಳಕಿಗೆ ಹಿಡಿದು. “ಕೋರೆಹಲ್ಲು ತಂದು ನಡುಮಧ್ಯ ಕೂರಿಸಿದೀಯಲ್ಲ. ಆ ಅಜ್ಜ ನಕ್ರೆ ಮೊಮ್ಮಕ್ಕಳು ಮನೆ ಬಿಟ್ಟು ಓಡಲ್ವಾ?”

ಅವಳಿಗೆ ನಗುವೂ ಬಂತು, ಅಳುವೂ ಬಂತು. ಕೊನೆಗೆ ಅತ್ತಳು, ಕಾಯಿಸಿದ ಮೇಣದ ಹೊಗೆಯ ನೆಪ ಹೇಳಿ.

ಭಾನುವಾರ ಬೆಳಿಗ್ಗೆ ಹೋಗಬಾರದು ಎಂದುಕೊಂಡಳು. ಹಾಗೆಂದುಕೊಳ್ಳುತ್ತಲೇ ಚಪ್ಪಲಿ ಮೆಟ್ಟಿದಳು. ಫೈಟ್ ನೋಡಿ ಬಂದುಬಿಡುವುದು, ಅಷ್ಟೇ. ಕೊನೆಯ ಸಲ.

ಅಂಗಡಿಯಲ್ಲಿ ರಿಪೇರಿ ಮುಗಿದ ದೊಡ್ಡ ಟೀವಿಯೊಂದನ್ನು ಗೋಡೆಗೆ ಒರಗಿಸಿದ್ದರು. ಡ್ರೈವರ್ ಮಾವ ಮುಂದಿನ ಕುರ್ಚಿ ಹಿಡಿದಿದ್ದರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅವಳನ್ನು ಕಂಡೊಡನೆ ಎದ್ದು, ಸ್ಟೂಲು ಒರೆಸಿ, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ. ಇಷ್ಟೊಂದು ಮರ್ಯಾದೆ ಬೀಳ್ಕೊಡುವವರಿಗೆ ಮಾತ್ರ ಸಿಗುವುದು ಎಂದುಕೊಳ್ಳುತ್ತ ಅವಳು ಸ್ಟೂಲಿನ ತುದಿಯಲ್ಲಿ ಕೂತಳು.

ಮೊದಲ ರೌಂಡುಗಳು ಬಂಡೆಯವು. ಅವಳು “ನೋಡಿ, ನೋಡಿ,” ಎಂದಾಗಲೆಲ್ಲ ಅವನು ಕೋಲೆ ಬಸವನ ಹಾಗೆ ತಲೆಯಾಡಿಸಿದ. ಏಳನೆಯ ರೌಂಡಿನಲ್ಲಿ ಏಣಿಯ ಬಲಗೈ ನೇರವಾಗಿ ಬಂದು ಬಿತ್ತು. ಬಂಡೆ ಒಂದು ಮೊಣಕಾಲಿಗೆ ಕುಸಿದ. ರೆಫರಿ ಎಣಿಸತೊಡಗಿದ.

“ಏಳ್ತಾನೆ!” ಅವಳು ಎದ್ದು ನಿಂತಳು. “ಎದ್ದು ಗೆಲ್ತಾನೆ ನೋಡ್ತಿರಿ!”

“ಹೌ...” ಎಂದ ಅವನು. ತುಟಿ ಕಚ್ಚಿದ. ಮುಖ ಕೆಂಪೇರಿತು. ಆಮೇಲೆ ಅಣೆಕಟ್ಟು ಒಡೆಯಿತು.

“ಏನ್ ಹೌದು, ಮಣ್ಣು! ಆ ಕಾಲು ನೋಡು, ಹೇಗೆ ನಡುಗ್ತಿದೆ! ಎದ್ರೂ ಇನ್ನೊಂದು ರೌಂಡ್ ನಿಲ್ಲಲ್ಲ. ನೀನು ಹೇಳೋದು ತಪ್ಪು! ಮಂಗಳವಾರ ಹೇಳಿದ್ದೂ ತಪ್ಪು. ಇಲ್ಲಿ ಏನಿದೆ ಅಂದ್ಯಲ್ಲ, ಅದಂತೂ ಶುದ್ಧ ತಪ್ಪು!”

ಟೀವಿಯೊಳಗಿನ ಜನ ಕಿರುಚುತ್ತಿದ್ದರು. ಅವನು ತನ್ನನ್ನು ‘ನೀನು’ ಎಂದದ್ದು ಅವಳಿಗೆ ಆಗ ತಿಳಿಯಿತು.

ಕೌಂಟರಿನಲ್ಲಿದ್ದ ಅಕ್ಕ ಹಣೆ ಚಚ್ಚಿಕೊಂಡಳು. “ಅಯ್ಯೋ, ಒಂದು ವಾರ ಬಾಯಿ ಮುಚ್ಕೊಂಡಿರು ಅಂದ್ರೆ ಆಗ್ಲಿಲ್ವಲ್ಲೋ ನಿನಗೆ!” ಅವಳತ್ತ ತಿರುಗಿ ಹೇಳಿದಳು: “ನಾನೇ ಹೇಳಿದ್ದು ಕಣಮ್ಮಾ. ಮದುವೆ ಮಾತು ಎತ್ತೋನು ಮಾತುಮಾತಿಗೂ ಜಗಳಕ್ಕೆ ಹೋದ್ರೆ ಯಾವ ಹುಡುಗಿ ಒಪ್ತಾಳೆ? ಭಾನುವಾರ ಕೇಳು, ಅಲ್ಲೀತನಕ ಏನಂದ್ರೂ ಹೌದನ್ನು ಅಂದೆ. ಕೆಲಸದ ವಿಷಯಕ್ಕೂ ಹೌದನ್ನೋ ದಡ್ಡ ಅಂತ ನನಗೇನು ಗೊತ್ತು?”

ಅವಳ ಕಣ್ಣು ತುಂಬಿತು. ಸಿಟ್ಟೂ ಬಂತು, ಬಾರದೆ ಇರುತ್ತದೆಯೇ? “ನಿಮಗೆ ನಾನು ಸಾಕಾದೆ ಅಂದ್ಕೊಂಡಿದ್ದೆ. ಐದು ರಾತ್ರಿ ಕಣ್ಣು ಮುಚ್ಚಿಲ್ಲ, ಗೊತ್ತಾ?”

“ನಾನೂ ಮುಚ್ಚಿಲ್ಲ,” ಎಂದ ಅವನು, ತಗ್ಗಿದ ದನಿಯಲ್ಲಿ. “ನೀನು ಹೋಗ್ತೀನಿ ಅಂದಾಗ ಜೀವ ಹೋದ ಹಾಗಾಯ್ತು.”

“ಹಾಗಾದ್ರೆ ಹೋಗಬೇಡ ಅಂತೀರಾ?”

ಕೇಳಿಬಿಟ್ಟ ಮೇಲೆ ಅವಳಿಗೆ ಹೊಳೆಯಿತು. ಬೇಡ ಎಂದರೂ ಕಷ್ಟ, ಹೋಗು ಎಂದರೂ ಕಷ್ಟ. ಆ ಕೆಲಸ ಅವಳಿಗೆ ಬೇಕಿತ್ತು. ಇವನೂ ಬೇಕಿತ್ತು.

ಅವನು ಒಂದು ಹೆಜ್ಜೆ ಮುಂದೆ ಬಂದ. ಕೈಗೆ ಅಂಟಿದ್ದ ಮಸಿಯನ್ನು ಇಸ್ತ್ರಿಯ ಅಂಗಿಗೇ ಒರೆಸಿಕೊಂಡ. “ಹೋಗು. ನಿನ್ನಷ್ಟು ಚೆನ್ನಾಗಿ ಕೆಲಸ ಗೊತ್ತಿರೋರು ಅವರಿಗೆ ಎಲ್ಲಿ ಸಿಗ್ತಾರೆ? ಆದ್ರೆ ಒಬ್ಬಳೇ ಹೋಗೋದನ್ನ ನಾನು ಸುತಾರಾಂ ಒಪ್ಪಲ್ಲ.”

“ಅಲ್ಲಿಗೆ ಬಂದು ಏನ್ ಮಾಡ್ತೀರಿ?”

“ಟೀವಿ ಕೆಡದೇ ಇರೋ ಊರು ಯಾವುದಿದೆ, ಹೇಳು.”

“ಅಂಗಡಿ?”

“ನಿಮ್ಮ ಭಾವ ನೋಡ್ಕೋತಾರೆ, ಹೋಗೋ,” ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. “ಇಲ್ಲಿದ್ರೆ ನನ್ನ ತಲೆ ತಿಂತೀಯ.”

ಟೀವಿಯಲ್ಲಿ ಗಂಟೆ ಬಾರಿಸಿತು. “ಮುಗೀತು! ಮುಗೀತು!” ಎಂದು ಡ್ರೈವರ್ ಮಾವ ಕೂಗಿದರು. ಯಾರು ಗೆದ್ದರೆಂದು ಇಬ್ಬರೂ ತಿರುಗಿ ನೋಡಲಿಲ್ಲ.

ಅವನು ಅವಳ ಕೈ ಹಿಡಿದುಕೊಂಡ. “ನಾಳೆ ಅವರಿಗೆ ಹೂಂ ಅಂದುಬಿಡು. ಸಂಜೆ ನಿಮ್ಮಮ್ಮನ ಹತ್ತಿರ ನಾನೇ ಬಂದು ಮಾತಾಡ್ತೀನಿ.”

“ಅವರಿಗೆ ಹೂಂ ಅಂತೀನಿ, ಸರಿ. ನಿಮಗೆ ಹೂಂ ಅಂದೆ ಅಂತ ಯಾರು ಹೇಳಿದ್ದು?” ಎಂದಳು ಅವಳು.

ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.