ಹದಿನಾಲ್ಕನೇ ಪ್ರಶ್ನೆ

"ಹದಿನಾಲ್ಕನೇ ಪ್ರಶ್ನೆ. ನೀವು ಯಾವುದೇ ರೂಪದಲ್ಲಿ ತಂಬಾಕು ಸೇವಿಸುತ್ತೀರಾ?" ಮಮತಾ ಗಟ್ಟಿಯಾಗಿ ಓದಿದಳು.

"ಇಲ್ಲ ಅಂತ ಬರಿ," ಅಂದ ಅಪ್ಪ.

ಹಾಗನ್ನುವಾಗ ಅಪ್ಪನ ಎಡಗೆನ್ನೆ ಉಬ್ಬಿತ್ತು. ಕೆನ್ನೆಯೊಳಗೆ ಎಲೆಅಡಿಕೆ ಇತ್ತು. ಎಲೆಯೊಳಗೆ ಒಂದು ಚಿಟಿಕೆ ಹೊಗೆಸೊಪ್ಪೂ ಇತ್ತು. ಮಮತಾ ಅಪ್ಪನ ಕೆನ್ನೆ ನೋಡಿದಳು, ಕೈಯಲ್ಲಿದ್ದ ಹಾಳೆ ನೋಡಿದಳು. ಪೆನ್ನು ಅಲ್ಲೇ ನಿಂತಿತು.

"ಬರಿಯೇ. ಏನ್ ನೋಡ್ತೀಯಾ?"

"ಬಾಯಲ್ಲೇ ಐತಲ್ಲಪ್ಪಾ!"

ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅವ್ವ ನಕ್ಕಿದ್ದು ಒಳಗೆಲ್ಲ ಕೇಳಿಸಿತು.

"ಇದು ನಿಮ್ಮಜ್ಜಿ ಕೊಟ್ಟಿದ್ದು ಕಣೇ," ಅಂದ ಅಪ್ಪ. "ನಾನೇನ್ ಬೀಡಿ ಸೇದ್ತೀನಾ? ಗುಟ್ಕಾ ತಿಂತೀನಾ? ಹೆತ್ತವ್ವ ಪ್ರೀತಿಯಿಂದ ಕೊಟ್ಟಿದ್ದೂ ಲೆಕ್ಕಕ್ಕೆ ಬರ್ತೈತಾ?"

"ಅಂಗಂದ್ರೆ ನನ್ ಸಂಚಿ ಮ್ಯಾಲೆ ಕಂಪ್ಲೇಂಟಾ?" ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಉಡಚಮ್ಮ ಸೊಂಟ ಮುಟ್ಟಿ ನೋಡಿಕೊಂಡಳು, ಯಾರೋ ಸಂಚಿ ಕಸಿಯಲು ಬಂದರೇನೋ ಎಂಬಂತೆ.

ಆ ಮನೆಯಲ್ಲಿ ಅದು ಹಳೇ ಪದ್ಧತಿ. ಊಟ ಮುಗಿಯಿತೆಂದರೆ ಅಜ್ಜಿ ಸಂಚಿ ಬಿಚ್ಚುತ್ತಾಳೆ. ಎಲೆಯನ್ನು ಸೆರಗಿಗೆ ಒರೆಸಿ, ತೊಟ್ಟು ಚಿವುಟಿ, ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು, ಸಂಚಿಯ ಕೊನೆಯ ಗೂಡಿನಿಂದ ಚಿಟಿಕೆ ಹೊಗೆಸೊಪ್ಪು ಹಾಕಿ ಮಡಿಚುತ್ತಾಳೆ. ಅಪ್ಪ ಕೈ ಚಾಚುತ್ತಾನೆ. ಅಪ್ಪನಿಗೆ ಮೀಸೆ ಮೂಡಿದಾಗಿನಿಂದ ಇದು ಒಂದು ದಿನವೂ ತಪ್ಪಿಲ್ಲ.

ಮಮತಾ ಪೆನ್ನಿಗೆ ಕ್ಯಾಪ್ ಹಾಕಿದಳು. "ನಾನು ಸುಳ್ಳು ಬರಿಯಲ್ಲ."

"ಹಾಳೆ ಇತ್ತ ಕೊಡು, ನಾನೇ ಬರ್ಕಂತೀನಿ."

"ಕೊಡಲ್ಲ." ಮಮತಾ ಹಾಳೆಯನ್ನು ಎದೆಗೆ ಅವಚಿಕೊಂಡು ಹೊರಗೆ ಓಡಿದಳು. ಮನೆ ಮುಂದೆ ಅಪ್ಪನ ಗೂಡ್ಸ್ ಗಾಡಿ ನಿಂತಿತ್ತು. ಹತ್ತಿ, ಹಿಂದಿನ ಮೂಲೆಯಲ್ಲಿ ಕೂತಳು.

ಹೊನ್ನಾಳಿಯಿಂದ ಅಕ್ಕಿ ಚೀಲ ತುಂಬಿಕೊಂಡು ಚನ್ನಗಿರಿ, ನ್ಯಾಮತಿ, ಕೆಲವೊಮ್ಮೆ ದೂರದ ಜಗಳೂರಿಗೂ ಅಪ್ಪ ಕೆಂಚೇಶ ಈ ಗಾಡಿ ಓಡಿಸುತ್ತಾನೆ. ಅಪ್ಪನ ಗೆಳೆಯ ರಘುನಾಥ ಮಾಮನಿಗೂ ಇಂಥದೇ ಗಾಡಿ ಇತ್ತು. ಹೋದ ವರ್ಷ ರಸ್ತೆಯಲ್ಲಿ ಅಪಘಾತವಾಗಿ ಮಾಮ ಮನೆಗೆ ಬರಲಿಲ್ಲ. ಗಾಡಿ ಮಾರಿದರು. ಬಾಡಿಗೆ ಮನೆ ಬಿಟ್ಟರು. ಮಾಮನ ಮಗಳು ರೂಪಶ್ರೀ, ಕ್ಲಾಸಿನಲ್ಲಿ ಮಮತಾಳ ಪಕ್ಕವೇ ಕೂರುತ್ತಿದ್ದವಳು, ತಾಯಿಯ ಜೊತೆ ಅಜ್ಜನ ಊರು ಜಗಳೂರಿಗೆ ಹೋದಳು. ಬೆಂಚಿನ ಮೇಲೆ ಅವಳು ಕೈವಾರದಿಂದ ಕೊರೆದ ಹೂವು ಇನ್ನೂ ಇದೆ.

ಅದಾದ ಮೇಲೆ ಅಪ್ಪ ನಾಲ್ಕು ದಿನ ಮಾತಾಡಿರಲಿಲ್ಲ. ಐದನೇ ದಿನ ನ್ಯಾಮತಿಯ ಇನ್ಶೂರೆನ್ಸ್ ಏಜೆಂಟ್ ಕಲ್ಪನಾ ಮೇಡಂಗೆ ಫೋನ್ ಹಚ್ಚಿದ್ದ. ಆದರೆ ಕಾಗದಪತ್ರ ಹೊಂದಿಸುವುದರಲ್ಲೇ ತಿಂಗಳುಗಳು ಉರುಳಿದವು. ಹೋದ ಭಾನುವಾರ ಮೇಡಂ ಮನೆಗೇ ಬಂದು ತಿಳಿಸಿ ಹೇಳಿದ್ದರು.

"ಇದು ಟರ್ಮ್ ಇನ್ಶೂರೆನ್ಸ್. ಇಪ್ಪತ್ತೈದು ವರ್ಷ, ವರ್ಷಕ್ಕೊಂದು ಕಂತು ಕಟ್ಟಬೇಕು. ಅಷ್ಟರೊಳಗೆ ಕೆಂಚೇಶಣ್ಣಂಗೆ ಏನಾರ ಆದ್ರೆ ಮನೆಯೋರಿಗೆ ದೊಡ್ಡ ಮೊತ್ತ ಬರ್ತೈತೆ."

"ಬಿಡ್ತು ಅನ್ರಿ!" ಅಜ್ಜಿ ಗಲ್ಲ ಬಡಿದುಕೊಂಡಿದ್ದಳು. "ಏನೂ ಆಗ್ದೆ ಗಟ್ಟಿಯಾಗಿದ್ರೆ?"

"ಏನೂ ವಾಪಸ್ ಬರಲ್ಲ ಅಜ್ಜಿ."

"ಬದುಕಿದ್ದಕ್ಕೆ ದಂಡ ಕಟ್ಟಾಕೆ ಹೇಳ್ತೀಯೇನವ್ವ ನೀನು?"

ಅಪ್ಪನೇ ಅಜ್ಜಿಗೆ ಸಮಾಧಾನ ಹೇಳಿದ್ದ. "ಗಾಡಿ ಕೆಳಗೆ ಸ್ಟೆಪ್ನಿ ಕಟ್ಟಿಲ್ವೇನವ್ವ? ಅದನ್ನ ಬಿಚ್ಚೋ ಹೊತ್ತು ಬರದಿದ್ರೆ ಒಳ್ಳೇದೇ. ಹಂಗಂತ ಸ್ಟೆಪ್ನಿ ಇಲ್ದೆ ಗಾಡಿ ಹೊರಡಿಸ್ತೀನಾ?"

ಮೇಡಂ ಪ್ರಶ್ನೆಗಳ ಹಾಳೆ ಕೊಟ್ಟು ಹೋಗಿದ್ದರು. ಉತ್ತರ ಬರೆದಿಟ್ಟರೆ ಇವತ್ತು ಸಂಜೆ ಬಂದು ತಮ್ಮ ಟ್ಯಾಬ್‌ನಲ್ಲಿ ಅರ್ಜಿ ತುಂಬುತ್ತಾರೆ. ಹೋಗುವಾಗ ಇನ್ನೊಂದು ಮಾತು ಹೇಳಿದ್ದರು: ತಂಬಾಕು ಹಾಕುವವರಿಗೆ ಕಂತು ಜಾಸ್ತಿ. ಅಪ್ಪನ ತಲೆಯಲ್ಲಿ ಕೂತದ್ದು ಅದೊಂದೇ.

ಸಂಜೆ ಸ್ಕೂಟರ್ ಸದ್ದು ಕೇಳಿದ್ದೇ ಮಮತಾ ಗಾಡಿಯಿಂದ ಜಿಗಿದಳು. ಮೇಡಂ ಹೆಲ್ಮೆಟ್ ತೆಗೆಯುವ ಮೊದಲೇ ಕೇಳಿದಳು.

"ಆಂಟಿ, ಅಜ್ಜಿ ಎಲೇಲಿ ಮಡಿಚಿ ಕೊಟ್ಟಿದ್ದೂ ತಂಬಾಕೇನಾ?"

ಬಾಗಿಲಲ್ಲಿ ನಿಂತಿದ್ದ ಅಪ್ಪ ಮುಖ ತಿರುಗಿಸಿದ. ಮೇಡಂಗೆ ಎಲ್ಲ ಅರ್ಥವಾಯಿತು. ಒಳಗೆ ಬಂದು ಚಾಪೆಯ ಮೇಲೆ ಕೂತರು.

"ಯಾರು ಕೊಟ್ರೂ ಹೆಂಗೆ ಕೊಟ್ರೂ ತಂಬಾಕೇ ಪುಟ್ಟಿ. ಅಣ್ಣಾ, ರಕ್ತ ತಗಂಡು ಟೆಸ್ಟ್ ಮಾಡ್ತಾರೆ. ಟೆಸ್ಟಲ್ಲಿ ಸಿಕ್ಕದಿದ್ರೂ, ಮುಂದೆ ಯಾವತ್ತೋ ಅಕ್ಕ ಆ ಪಾಲಿಸಿ ಹಿಡ್ಕಂಡು ಹೋದಾಗ, ನಿಮ್ಮ ಯಜಮಾನ್ರು ಸುಳ್ಳು ಬರ್ದಿದ್ರು, ದುಡ್ಡು ಕೊಡಲ್ಲ ಅಂತ ತಕರಾರು ತೆಗೀಬೌದು. ಆವಾಗ ನಿಜ ಹೇಳಾಕೆ ನೀವಿರಲ್ಲ."

ಒದ್ದೆ ಕೈಯಲ್ಲಿ ಬಂದು ನಿಂತಿದ್ದ ಅವ್ವ ಈ ಸಲ ನಗಲಿಲ್ಲ.

"ದಿನಕ್ಕೆ ಎರಡು ಚಿಟಿಕೆ," ಅಂದ ಅಪ್ಪ. ದನಿ ಮೆತ್ತಗಾಗಿತ್ತು. "ಅವ್ವನ ಕೈಯಿಂದ ಬಂದಿದ್ದನ್ನ ಹೆಂಗಮ್ಮ ತಂಬಾಕು ಅಂತ ಬರ್ಸೋದು? ಪ್ರಸಾದ ಇದ್ದಂಗೆ ಅದು."

ಮಮತಾ ಅಜ್ಜಿಯ ಕಡೆ ತಿರುಗಿದಳು. ಅಜ್ಜಿಯ ತಲೆಯ ಮೇಲೆ, ಗೋಡೆಯ ಗೂಡಿನಲ್ಲಿ, ಉಡಚಮ್ಮ ತಾಯಿಯ ಫೋಟೊ ಇತ್ತು. ಅಜ್ಜಿಗೆ ಹೆಸರು ಕೊಟ್ಟ ದೇವತೆ. ದಿನಾ ಬೆಳಿಗ್ಗೆ ಎಲೆಯ ಕಟ್ಟು ಬಿಚ್ಚಿದರೆ ಮೊದಲ ಎಲೆ ಆ ತಾಯಿಗೇ. ಅದು ಈಗಲೂ ಅಲ್ಲೇ, ಒಂದು ಅಡಿಕೆಯ ಜೊತೆ, ಬಾಡದೆ ಹಸಿರಾಗಿತ್ತು.

"ಅಜ್ಜಿ, ತಾಯಿಗೆ ಇಡೋ ಎಲೇಲೂ ಹೊಗೆಸೊಪ್ಪು ಇಡ್ತೀಯಾ?"

"ಥೂ ಥೂ! ದೇವ್ರಿಗೆ ಯಾರಾರ ಅಂಥದ್ದನ್ನ..."

ಅಜ್ಜಿಯ ಮಾತು ಅರ್ಧಕ್ಕೇ ನಿಂತಿತು.

ಅಜ್ಜಿ ಫೋಟೊ ನೋಡಿದಳು. ಆಮೇಲೆ ಮಗನನ್ನು ನೋಡಿದಳು, ಬಹಳ ಹೊತ್ತು, ಅವನು ಚಿಕ್ಕವನಾಗಿದ್ದಾಗ ಜ್ವರ ಬಂದಾಗ ನೋಡುತ್ತಿದ್ದಳೇನೋ, ಹಾಗೆ. ಸಂಚಿ ಬಿಚ್ಚಿದಳು. ಕೊನೆಯ ಗೂಡಿಗೆ ಬೆರಳು ಹಾಕಿ, ಇದ್ದಷ್ಟು ಹೊಗೆಸೊಪ್ಪನ್ನು ಅಂಗೈಗೆ ಸುರಿದುಕೊಂಡು ಎದ್ದು ಹಿತ್ತಲಿಗೆ ಹೋದಳು.

ಕೈ ತೊಳೆದುಕೊಂಡು ಬಂದು ಹೇಳಿದಳು. "ಹೌದು ಅಂತ ಬರಿ ಕೂಸೇ. ನಾನೇ ಕೊಡ್ತಿದ್ದೆ ಅಂತಾನೂ ಬರಿ ಬೇಕಾದ್ರೆ."

"ಅದಕ್ಕೆ ಜಾಗ ಇಲ್ಲಜ್ಜಿ," ಅಂದಳು ಮಮತಾ.

ಅಪ್ಪ ನಕ್ಕುಬಿಟ್ಟ. "ಕಂತು ಜಾಸ್ತಿ ಆದ್ರೆ ವಾರಕ್ಕೊಂದು ಬಾಡಿಗೆ ಜಾಸ್ತಿ ಹೊಡೀತೀನಿ. ಬರಿ ಮಗಾ."

ಮಮತಾ ದುಂಡಗೆ, ಒತ್ತಿ ಬರೆದಳು: ಹೌದು. ಹದಿನೈದನೇ ಪ್ರಶ್ನೆ ನಾಮಿನಿ ಯಾರು ಎಂದಿತ್ತು. ನಾಮಿನಿ ಅಂದರೆ ದುಡ್ಡು ಯಾರ ಕೈ ಸೇರಬೇಕೋ ಅವರು ಎಂದು ಮೇಡಂ ತಿಳಿಸಿದರು. ಅಲ್ಲಿ ಅವ್ವನ ಹೆಸರು ಬರೆದಳು. ಅಪ್ಪ ಆಧಾರ್, ಪಾನ್ ಕಾರ್ಡ್, ಇನ್‌ಕಮ್ ಟ್ಯಾಕ್ಸ್ ಕಟ್ಟಿದ ಕಾಗದ ತಂದಿಟ್ಟ. ಮೇಡಂ ಒಂದೊಂದನ್ನೇ ಫೋಟೊ ತೆಗೆದುಕೊಂಡರು.

ಆ ವಾರವೇ ಅಪ್ಪ ದಾವಣಗೆರೆಗೆ ಹೋಗಿ ರಕ್ತ ಕೊಟ್ಟು ಬಂದ. ಮುಂದಿನ ತಿಂಗಳು ಪಾಲಿಸಿ ಬಂತು. ಅವ್ವ ಅದನ್ನು ಮಮತಾಳ ಜನನ ಪತ್ರದ ಜೊತೆ ಟ್ರಂಕಿನಲ್ಲಿಟ್ಟಳು. ಅದು ಎಲ್ಲಿದೆ ಎಂದು ಎಲ್ಲರಿಗೂ ತೋರಿಸಿದಳು, ಅಜ್ಜಿಗೂ.

ಸಂಚಿಯ ಕೊನೆಯ ಗೂಡಿನಲ್ಲಿ ಈಗ ಲವಂಗ ಇದೆ. ಮೊದಮೊದಲು ಅಪ್ಪ ಮುಖ ಕಿವುಚಿದ.

"ಇದೇನವ್ವಾ, ಸಪ್ಪೆ!"

"ಇಷ್ಟು ವರ್ಷ ಹೊಗೆಸೊಪ್ಪಿಲ್ದೆ ತಿಂದ ಉಡಚಮ್ಮ ತಾಯಿನೇ ಸಪ್ಪೆ ಅಂದಿಲ್ಲ, ನಿಂದೇನ್ಲಾ?" ಅಂದಳು ಅಜ್ಜಿ.

ಒಂದು ಸಂಜೆ ಅಪ್ಪ ಜಗಳೂರಿಗೆ ಹೋಗಿದ್ದ. ರೂಪಶ್ರೀಗೆ ಕೊಡಲೆಂದು ಮಮತಾ ಬರೆದ ಕಾಗದವೂ ಗಾಡಿಯಲ್ಲಿ ಹೋಗಿತ್ತು. ದೀಪ ಹಚ್ಚಿದ ಮೇಲೂ ಗಾಡಿಯ ಸುಳಿವಿಲ್ಲ. ಮಮತಾ ಉಡಚಮ್ಮ ತಾಯಿಯ ಗೂಡಿನ ಮುಂದೆ ಕಣ್ಣು ಮುಚ್ಚಿ ನಿಂತಳು. ತುಟಿಗಳು ಅಲ್ಲಾಡುತ್ತಿದ್ದವು.

"ಏನ್ ಬೇಡ್ಕಂಡೆ ಕೂಸೇ?"

"ಇಪ್ಪತ್ತೈದು ವರ್ಷ ಕಂತು ಕಟ್ತೀವಲ್ಲ ಅಜ್ಜಿ, ನಮಗೆ ಏನೂ ವಾಪಸ್ ಬರದೇ ಇರ್ಲಿ ಅಂತ."

ಅಜ್ಜಿ ಮಮತಾಳ ತಲೆಯ ಮೇಲೆ ಕೈ ಇಟ್ಟಳು. ಬೀದಿಯ ತಿರುವಿನಲ್ಲಿ ಗೂಡ್ಸ್ ಗಾಡಿ ಗೇರ್ ಬದಲಿಸಿದ ಸದ್ದಾಯಿತು. ಅಜ್ಜಿ ಇನ್ನೊಂದು ಕೈಯಲ್ಲಿ ಸಂಚಿಯ ದಾರ ಬಿಚ್ಚತೊಡಗಿದಳು.