ಇಸ್ತ್ರಿ ಪೆಟ್ಟಿಗೆ ಆರಿದೆಯಾ?

"ಅಯ್ಯೋ, ದಾರಿ ಬಿಡಿ!"

ಮೆಟ್ಟಿಲ ತಿರುವಿನಲ್ಲಿ ಅವಳು ಅವನಿಗೆ ಡಿಕ್ಕಿ ಹೊಡೆದೇಬಿಟ್ಟಳು. ಅವನ ಕೈಯಲ್ಲಿದ್ದ ಪಿಟೀಲು ನಿದ್ದೆಯಿಂದ ಎದ್ದಂತೆ 'ಝುಂ' ಎಂದಿತು.

"ಏನ್ ಮೇಡಂ, ಬೆಂಕಿ ಬಿತ್ತಾ?"

"ಇನ್ನೂ ಇಲ್ಲ!"

ಎಂದವಳೇ ಮೇಲಕ್ಕೆ ಓಡಿದಳು.

ಮೇಲಿನ ಹೊಲಿಗೆ ಅಂಗಡಿ ಅವಳ ಸೋದರತ್ತೆಯದು. ಅದರ ಕೆಳಗೇ ಅವನ ಪಿಟೀಲು ರಿಪೇರಿಯ ಕೋಣೆ. ಅವನ ಕೂದಲಿಗೆ ಅಂಟಿದ್ದ ಮರದ ಹೊಟ್ಟು ಸಂಜೆಬಿಸಿಲಿಗೆ ಚಿನ್ನದ ಪುಡಿಯಂತೆ ಮಿನುಗಿದ್ದು ಅವಳ ಕಣ್ಣಲ್ಲೇ ಉಳಿಯಿತು...

ಆಮೇಲೆ ಇಬ್ಬರ ಸಂಜೆಗಳೆಲ್ಲ ಹೊಳೆದಂಡೆಯ ಬೆಂಚಿನವು. ನೀರು ಹರಿಯುತ್ತಿತ್ತು, ಮಾತೂ.

ಆದರೆ ಅವಳ ಮನಸ್ಸು ಅರಳಿದಾಗಲೆಲ್ಲ ಒಳಗಿನಿಂದ ಒಂದು ಪಿಸುದನಿ. 'ಇಸ್ತ್ರಿ ಪೆಟ್ಟಿಗೆ ಆರಿಸಿದೆಯಾ? ಅಂಗಡಿ ಹೊತ್ತಿಕೊಂಡರೆ? ಕೆಳಗಿರೋದು ಇವರ ಕೋಣೆ...' ನಕ್ಕು ಅದನ್ನು ಅದುಮುವಳು. ಅದುಮಿದಷ್ಟೂ ಪುಟಿಯುವುದು. ಓಡಿಹೋಗಿ ಮುಟ್ಟಿದರೆ ಪೆಟ್ಟಿಗೆ ತಣ್ಣಗಿರುತ್ತಿತ್ತು. ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತದೇ ಅನುಮಾನ!

"ನಿಮ್ಮ ಹತ್ರ ಒಂದು ಮಾತು..." ಎಂದು ಅವನು ಬಾಯಿ ತೆರೆದ ದಿನವೂ ಓಡಿದಳು.

'ನಾನೇ ಬೇಡವೇನೋ' ಎಂದು ಅವನು ಮುದುಡಿಹೋದ. ಅತ್ತೆಗೆ ತಡೆಯಲಾಗಲಿಲ್ಲ.

"ನಿನ್ನ ಕಂಡು ಓಡೋದಲ್ಲಪ್ಪ ಅವಳು! ಅದು ಗೀಳಿನ ಕಾಯಿಲೆ ಅಂತೆ. ಡಾಕ್ಟರಮ್ಮನಿಗೆ ತೋರಿಸ್ತಿದ್ದೀವಿ. ನಿನಗೆ ಸವತಿ ಅಂತ ಇದ್ರೆ ಆ ಇಸ್ತ್ರಿ ಪೆಟ್ಟಿಗೆ ಒಂದೇ!"

ಮರುದಿನ ಅವನು ಬೆಂಚಿಗೆ ಚೀಲ ಹಿಡಿದು ಬಂದ. ಹೆಮ್ಮೆಯಿಂದ ಅದರೊಳಗಿನದನ್ನು ಅವಳ ಮಡಿಲಲ್ಲಿಟ್ಟ.

ಇಸ್ತ್ರಿ ಪೆಟ್ಟಿಗೆ!

"ಅತ್ತೇನ ಕೇಳಿ ತಂದೆ. ಇನ್ನು ಓಡೋದೇ ಬೇಡ ನೋಡಿ!"

ಅಡ್ಡಾಡುತ್ತಿದ್ದವರು ಕಿಸಕ್ಕನೆ ನಕ್ಕರು. ಅವಳ ಕಣ್ಣು ತುಂಬಿತು.

"ನನ್ನ ಸಂಕಟಾನ ಚೀಲದಲ್ಲಿ ಹೊತ್ಕೊಂಡು ಬಂದ್ರಾ?"

ಅವಳು ಎದ್ದು ನಡೆದಳು. ಬೆಂಚು ಬಹಳ ದಿನ ಖಾಲಿಯಿತ್ತು. ಕೆಳಗಿನಿಂದ ತಂತಿ ಬಿಗಿಯುವ ದನಿ ಮಾತ್ರ ಮೇಲಕ್ಕೆ ತೇಲಿ ಬರುತ್ತಿತ್ತು, ಯಾರೋ ಹೆಸರು ಹಿಡಿಯದೆ ಕರೆದಂತೆ...

ಒಂದು ಸಂಜೆ ಅವನ ಬಾಗಿಲಲ್ಲಿ ನೆರಳಾಡಿತು. ಅವಳೇ! ಮುಖ ಬಿಳುಚಿತ್ತು.

"ಪೆಟ್ಟಿಗೆ ಮೇಲಿದೆ. ಬಾಗಿಲು ಹಾಕಿದ ಮೇಲೆ ತಿರುಗಿ ನೋಡಿಲ್ಲ."

ಅವನು ಧಡಕ್ಕನೆ ಎದ್ದ. "ನಾನು ನೋಡ್ಕೊಂಡು ಬರ್ಲಾ?"

"ಬೇಡ! ಆರಿದೆ ಅಂತಾನೂ ಹೇಳ್ಬೇಡಿ. ಭಯಾನ ಅದುಮೋದೂ ಬೇಡ, ಅದು ಹೇಳಿದ ಹಾಗೆ ಓಡೋದೂ ಬೇಡ ಅಂದಿದ್ದಾರೆ ಡಾಕ್ಟರಮ್ಮ. ಸುಮ್ನೆ ಪಕ್ಕದಲ್ಲಿ ಕೂತಿರಿ... ಸಾಕು."

ಅವನು ಕುಳಿತ. ಕೈಗೆ ಸಿಕ್ಕ ಪಿಟೀಲಿನ ತಂತಿಯೊಂದನ್ನು ಮೀಟಿದ. ಬೆರಳಿಟ್ಟು ತಡೆಯಲಿಲ್ಲ. ಅದು ಕಂಪಿಸಿತು, ಕಂಪಿಸಿತು, ತಾನಾಗಿಯೇ ಮೌನದೊಳಗೆ ಕರಗಿತು.

ಅವಳ ಎದೆಬಡಿತ ಇನ್ನೂ ಇಳಿದಿರಲಿಲ್ಲ. ಆದರೂ ಮಾತು ಬಂತು.

"ನಾನು ನಿಮ್ಮಿಂದ ದೂರ ಓಡಿದ್ದಲ್ಲ. ನೀವು ಇಷ್ಟ ಆದಷ್ಟೂ... ಕಳ್ಕೊಂಡ್ಬಿಡ್ತೀನಿ ಅನ್ನೋ ಭಯ."

"ಅವತ್ತು ಚೀಲ ತಂದಿದ್ದು ನನ್ನ ದಡ್ಡತನ. ಕ್ಷಮಿಸ್ತೀರಾ?"

"ಪೆಟ್ಟಿಗೆಗೆ ಹೊಳೆ ಗಾಳಿ ಚೆನ್ನಾಗಿ ಹಿಡಿಸಿದೆ. ಮತ್ತೆ ಯಾವಾಗ ಅಂತ ಕೇಳ್ತಿದೆ!"

ನಗುತ್ತಲೇ ಅವಳು ಕೈ ಚಾಚಿದಳು. ಅವನು ಹಿಡಿದ.

"ನಡುಗ್ತಿದೆ ನಿಮ್ಮ ಕೈ."

"ನಡುಗಲಿ ಬಿಡಿ. ನಿಮ್ಮದೂ ನಡುಗ್ತಿದೆಯಲ್ಲ, ಯಾಕೆ?"

"ಆ ಒಂದು ಮಾತು ಇನ್ನೂ ಬಾಕಿ ಇದೆ..."

ಅವಳು ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಹೇಳಿ. ಈ ಸಲ ಓಡಲ್ಲ."