ಕಲಾಬೋಗೆ ಎತ್ತಂಗಡಿಯಾದ ಫೋಟೋಗ್ರಾಫರ್

"ನಮ್ಮಮ್ಮನ್ನ ಕತ್ತರಿಸಿ ಬಿಸಾಕಿದೋರು ಯಾರ್ರೀ?!"

ಮೊಂಗು ಪಟ್ಟಣದ ವಾರ್ತಾ ಕಚೇರಿಯ ಹಿಂದಿನ ಕೋಣೆಯ ಬಾಗಿಲನ್ನು ದಢಾರನೆ ತೆರೆದು ನಿಂತಿದ್ದಳು ಹೆರಿಗೆ ಆಸ್ಪತ್ರೆಯ ನರ್ಸ್ ನಮಸಿಕು. ಕೈಯಲ್ಲಿ ಪತ್ರಿಕೆ. ಕಣ್ಣಲ್ಲಿ ಕೆಂಡ.

ಕತ್ತಲೆ ಕೋಣೆಗೆ ಬಿಸಿಲು ನುಗ್ಗಿತು. ಫಿಲ್ಮ್ ತೊಳೆಯುತ್ತಿದ್ದ ಸರ್ಕಾರಿ ಫೋಟೋಗ್ರಾಫರ್ ಮುಬಿಟ ಕಲ್ಲಾಗಿ ನಿಂತ.

"ಅಯ್ಯೋ, ಬಾಗಿಲು..." ಎಂದ. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡಿ. ಏನಾಯ್ತು ಹೇಳಿ."

"ಹೊಸ ವಾರ್ಡ್ ಉದ್ಘಾಟನೇಲಿ ನೀವೇ ಅಲ್ವಾ ನಮ್ಮಮ್ಮನ್ನ ಮಂತ್ರಿ ಪಕ್ಕ ನಿಲ್ಸಿದ್ದು? ಈ ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದೋರು. ಪತ್ರಿಕೇಲಿ ನೋಡಿದ್ರೆ ಬರೀ ಮೊಣಕೈ! ಫೋಟೋ ತೋರ್ಸೋಕೆ ಅಂತ ಬೀದಿಯವರನ್ನೆಲ್ಲ ಕರೆದು ಕೂರ್ಸಿದ್ಲು ಪಾಪ..."

"ಕ್ಷಮಿಸಿ," ಎಂದನಷ್ಟೆ. ಒಂದು ನೆಪವನ್ನೂ ಹೇಳಲಿಲ್ಲ.

'ಮಂತ್ರಿಗಳ ಬಾಲ!' ಎಂದು ಮನಸ್ಸಿನಲ್ಲೇ ಬೈದು ಹೊರಟಳು. ಆದರೆ ಆ ಶಾಂತ ಕಣ್ಣುಗಳು ಯಾಕೋ ಬೆನ್ನು ಬಿಡಲಿಲ್ಲ...

ಕೆಲವು ದಿನಗಳ ಮೇಲೆ ನಮಸಿಕುವಿನ ಮನೆಯ ಗೋಡೆಯಲ್ಲಿ ದೊಡ್ಡದೊಂದು ಚಿತ್ರ ತೂಗುತ್ತಿತ್ತು. ಮಂತ್ರಿ ಅಂಚಿನಲ್ಲಿ. ನಡುವೆ ಬಾಯ್ತುಂಬ ನಗುವ ಅಮ್ಮ!

"ಆ ಹುಡುಗ ತಂದ್ಕೊಟ್ಟ ಕಣೇ," ಅಮ್ಮ ಹಿಗ್ಗಿದಳು. "ಅವನು ಕಳ್ಸಿದ್ದು ಪೂರ್ತಿ ಫೋಟೋನೇ ಅಂತೆ. ಕತ್ತರಿಸಿದ್ದು ರಾಜಧಾನಿಯೋರು. ನಿನ್ನ ಹಂಗೆ ಮೂಗಿನ ತುದೀಲಿ ಕೋಪ ಇಲ್ಲ ಅವ್ನಿಗೆ!"

ನಾಚಿಕೆಯಿಂದ ಕುಗ್ಗಿದ ನಮಸಿಕು ಕ್ಷಮೆ ಕೇಳಲು ಕಚೇರಿಗೆ ಓಡಿದರೆ ಕೋಣೆಗೆ ಬೀಗ! ಡ್ರೈವರ್ ಲಿಸ್ವಾನಿಸೊ ಜೀಪಿಗೆ ಒರಗಿ ನಿಂತಿದ್ದ.

"ಅವನೆಲ್ಲಿ ತಂಗಿ ಇಲ್ಲಿ? ಬಯಲಾಚೆ ಮೂಲೆ ಊರು ಕಲಾಬೋಗೆ ಎತ್ತಂಗಡಿ. ವಿದೇಶಿ ಅತಿಥಿಗಳ ಫಿಲ್ಮು ಬೆಳಕು ಬಿದ್ದು ಹಾಳಾಯ್ತು. ರಾಜಧಾನಿ ಲುಸಾಕಾದಲ್ಲಿ ಕಾದಿದ್ದ ದೊಡ್ಡ ಹುದ್ದೇನೂ ಹೋಯ್ತು. ಬಾಗಿಲು ತೆಗೆದಿದ್ದು ಯಾರು ಅಂತ ಸಾಹೇಬ್ರು ಎಷ್ಟು ಗದರಿಸಿದ್ರೂ, 'ಚಿಲಕ ಹಾಕದೇ ಇದ್ದಿದ್ದು ನಾನೇ' ಅಂದ!"

ನಮಸಿಕುಗೆ ಆ ದಿನ ನೆನಪಾಯಿತು. ಬಾಗಿಲು ತೆಗೆದವಳು ಅವಳೇ ಅಲ್ಲವೇ!

ರಜೆ ಬಂದ ದಿನವೇ ದೋಣಿ ಹತ್ತಿದಳು. ನೆರೆ ತುಂಬಿದ ಬಯಲನ್ನು ದಾಟಿ ಕಲಾಬೋ ಮುಟ್ಟಿದಾಗ, ಮುಬಿಟ ಮಾವಿನ ಮರದಡಿ ಗುರುತಿನ ಚೀಟಿಗೆ ಮುದುಕಿಯೊಬ್ಬಳ ಫೋಟೋ ತೆಗೆಯುತ್ತಿದ್ದ.

"ನಗಬಾರ್ದು ಅಜ್ಜಿ, ಸರ್ಕಾರದ ನಿಯಮ."

"ಯಾಕೋ? ಇರೋ ಎರಡು ಹಲ್ಲು ಕಂಡ್ರೆ ಸರ್ಕಾರ ಬಿದ್ದೋಗುತ್ತಾ?"

ನಮಸಿಕುಗೆ ನಗು ಉಕ್ಕಿತು. ಅವನು ತಿರುಗಿ ನೋಡಿದ. ಅಷ್ಟರಲ್ಲಿ ಆ ನಗು ಅಳುವಾಗಿತ್ತು.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸಕ್ಕೆ ಕುತ್ತು ಬರ್ತಿತ್ತು."

"ಅದಕ್ಕೆ ನಿಮ್ಮ ಹುದ್ದೆ ಕಳ್ಕೊಳ್ಳೋದಾ?"

"ಮಂತ್ರಿ ಪಕ್ಕ ನಿಲ್ಲೋಕೆ ಜಗಳ ಆಡೋರನ್ನ ದಿನಾ ನೋಡ್ತೀನಿ. ಅಮ್ಮನಿಗೋಸ್ಕರ ಜಗಳಕ್ಕೆ ಬಂದೋರನ್ನ ಅವತ್ತೇ ಮೊದಲು ನೋಡಿದ್ದು. ಅವತ್ತೇ ನಿಮಗೆ ಸೋತೆ, ನಮಸಿಕು..."

ಮುದುಕಿ ಕಿವಿ ನೆಟ್ಟಗೆ ಮಾಡಿ ಕೂತಿದ್ದಳು!

"ಆದ್ರೆ ನನ್ನದು ಅಲೆಮಾರಿ ಕೆಲಸ," ಅವನ ದನಿ ತಗ್ಗಿತು. "ಎಲ್ಲಿ ಕರೀತಾರೋ ಅಲ್ಲಿಗೆ ಓಡ್ಬೇಕು. ಮನೇಲಿ ಇರೋದೇ ಕಮ್ಮಿ."

"ನಾನೇನು ಮನೇಲಿರ್ತೀನಾ? ಹೆರಿಗೆ ನೋವು ಹೊತ್ತು ಗೊತ್ತು ಕೇಳಿ ಬರುತ್ತಾ?"

"ಹಾಗಾದ್ರೆ ಅಡುಗೆ ಮಾಡೋರು ಯಾರು?"

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಮೊದಲು ಮನೆಗೆ ಬಂದೋರು..."